ಇಪ್ಪತ್ತೆರಡು ಇಂಚಿನ ಸಂದು

ನಾಲ್ಕೂಕಾಲಿಗೆ ಸರಿಯಾಗಿ ಪರದೆ ಇಳಿಯತೊಡಗಿತು. ಯಾರೂ ಗುಂಡಿ ಒತ್ತಿರಲಿಲ್ಲ. ಕಲಬುರಗಿಯ ಇಳಿಬಿಸಿಲು ಗಾಜಿಗೆ ತಾಗಿದ್ದನ್ನು ತಾನೇ ಗುರುತಿಸಿ, ಸದ್ದಿಲ್ಲದೆ ಸುರುಳಿ ಬಿಚ್ಚಿಕೊಂಡು ಬಂತು. ಕಿಟಕಿಯ ಕಟ್ಟೆ ಮುಟ್ಟಲು ಇನ್ನೂ ಇಪ್ಪತ್ತೆರಡು ಇಂಚು ಇರುವಾಗ ನಿಂತುಬಿಟ್ಟಿತು. ಆ ಸಂದಿನಿಂದ ನುಗ್ಗಿದ ಬಿಸಿಲು ಕಿಟಕಿಗೆ ಒತ್ತಿಕೊಂಡಿದ್ದ ಖಾಲಿ ಮಂಚದ ದಿಂಬಿನ ಮೇಲೆ ಬಿತ್ತು.

"ನೋಡ್ರಿ ಮೇಡಂ, ದಿನಾ ಹಿಂಗೇ," ಎಂದಳು ಶ್ರಾವಣಿ. ನೀರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಅವಳು ಅಂದು ರಜೆ ಹಾಕಿದ್ದಳು. "ಆರು ಸಲ ರಿಪೇರಿ ಆಗ್ಯಾದ. ಇದು ಏಳನೇದು."

ಬಂದಿದ್ದವರು ಮೆಕ್ಯಾನಿಕ್ ಅಲ್ಲ, ಪರದೆಯ ಮೋಟರನ್ನು ಕಂಡುಹಿಡಿದ ಡಾ. ತೇಜಸ್ವಿನಿ ಅಂಗಡಿ. ಅದಕ್ಕೆ 'ಇಂಗಿತ' ಎಂದು ಹೆಸರಿಟ್ಟವರೂ ಅವರೇ. 2061ರ ಹೊತ್ತಿಗೆ ಎರಡು ಲಕ್ಷ ಮನೆಗಳಲ್ಲಿ ಇಂಗಿತ ಕೆಲಸ ಮಾಡುತ್ತಿತ್ತು. ಹೇಳದೆಯೇ ನಿಮ್ಮ ಮನಸ್ಸು ಅರಿಯುತ್ತದೆ ಎಂದು ಕಂಪನಿಯವರು ಜಾಹೀರಾತಿನಲ್ಲಿ ಕೊಚ್ಚಿಕೊಳ್ಳುತ್ತಿದ್ದರು. ಅಷ್ಟೂ ಮನೆಗಳಲ್ಲಿ ಆರು ಸಲ ಸರಿಮಾಡಿದರೂ ಹಟ ಬಿಡದ ಪರದೆ ಇದೊಂದೇ. ಅದಕ್ಕೇ ಅವರು ಖುದ್ದಾಗಿ ಧಾರವಾಡದಿಂದ ಬಂದಿದ್ದರು.

ಬ್ಯಾಟರಿ ನೋಡಿದರು, ಚೆನ್ನಾಗಿತ್ತು. ಬೆಳಕು ಅಳೆಯುವ ಸಂವೇದಕದ ಧೂಳು ಒರೆಸಿದರು. ಪರದೆಯನ್ನು ಕೈಯಿಂದ ಎಳೆದರು, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಕೊನೆಗೆ ತಮ್ಮ ಟ್ಯಾಬಿನಲ್ಲಿ ಮೋಟರಿನ ನೆನಪಿನ ಕಡತ ತೆರೆದರು.

"ಹಿಂದಿನ ಆರು ಸಲ ಯಾರು ಬಂದಿದ್ರು?"

"ಯಾರೂ ಬಂದಿಲ್ರಿ. ಫೋನ್ ಮಾಡಿದ್ರ ಅಲ್ಲೇ ಕೂತು ಎಲ್ಲಾ ಅಳಿಸಿ, ಹೊಸದಾಗಿ ಶುರು ಮಾಡ್ತಿದ್ರು. ಹತ್ತು-ಹನ್ನೊಂದು ದಿನ ನಾ ಮನಿಗೆ ಬರೋದ್ರಾಗ ಪೂರ್ತಿ ಇಳಿದಿರ್ತಿತ್ತು. ಆಮ್ಯಾಲ ಮತ್ತದೇ ರಾಗ."

"ಇದು ಕೆಟ್ಟಿಲ್ಲ ತಂಗಿ," ಎಂದರು ತೇಜಸ್ವಿನಿ. "ಇದಕ್ಕ ಯಾರೋ ಕಲಿಸ್ಯಾರ."

ಅವರು ವಿವರಿಸಿದರು. ಪರದೆಯ ಅಡಿಪಟ್ಟಿಯೊಳಗೆ ಒತ್ತಡ ಅಳೆಯುವ ತಂತಿಯಿದೆ. ಅಡ್ಡ ಏನಾದರೂ ತಗುಲಿದರೆ ಪರದೆ ಅಲ್ಲೇ ನಿಲ್ಲುತ್ತದೆ, ಅಡ್ಡಿ ಸರಿದರೆ ಮತ್ತೆ ಇಳಿಯುತ್ತದೆ. ಹನ್ನೊಂದು ದಿನ ಒಂದೇ ಎತ್ತರದಲ್ಲಿ ತಡೆ ಸಿಕ್ಕರೆ, ಮನೆಯವರಿಗೆ ಬೇಕಾದದ್ದು ಇಷ್ಟೇ ಎಂದು ಕಲಿತು, ಮುಂದೆ ತಾನಾಗಿಯೇ ಅಲ್ಲಿ ನಿಲ್ಲುತ್ತದೆ.

"ಕುರ್ಚಿ ಏನರೆ ಅಡ್ಡ ಬಂದಿರಬೇಕು."

"ಕುರ್ಚಿಯಾದ್ರ ಒತ್ತಡದ ಗೆರೆ ನೆಟ್ಟಗಿರ್ತದ. ಇದು ನಡುಗೇದ, ನೋಡು." ಟ್ಯಾಬಿನ ಮೇಲಿನ ಗೆರೆ ಸಣ್ಣಗೆ ಅಲುಗಿ ಅಲುಗಿ ಸಾಗಿತ್ತು. "ಇದು ಕೈ. ಶಕ್ತಿ ಇಲ್ಲದ ಕೈ. ಈ ಮಂಚದಾಗ ಯಾರು ಮಲಗ್ತಿದ್ರು?"

ಅಲ್ಲಿ ಮಲಗುತ್ತಿದ್ದವನು ಶ್ರಾವಣಿಯ ಅಪ್ಪ ಮಹಾಂತೇಶ. ಪಾರ್ಶ್ವವಾಯು ಬಡಿದು ಬಲಗೈಯೂ ಮಾತೂ ಹೋಗಿ ಒಂದೂವರೆ ವರ್ಷವಾಗಿತ್ತು. ಆರೈಕೆಗೆ ಬರುವ ಹೆಂಗಸು ನಾಲ್ಕಕ್ಕೆ ಹೊರಡುತ್ತಿದ್ದಳು, ಶ್ರಾವಣಿ ಬರುವುದು ಐದೂವರೆಗೆ. ನಡುವಿನ ಹೊತ್ತಿನಲ್ಲಿ ಅಪ್ಪನ ಮುಖಕ್ಕೆ ಬಿಸಿಲು ಹೊಡೆಯಬಾರದೆಂದೇ ಅವಳು ಈ ಪರದೆ ಹಾಕಿಸಿದ್ದು.

"ಎಡಗೈ ಮ್ಯಾಲ ಯಾವಾಗ್ಲೂ ನೀಲಿ ಕಲೆ ಇರ್ತಿದ್ವು," ಎಂದಳು. "ಮಂಚದ ಕಂಬಿ ಬಡಿದಿರಬೇಕಂತ ಬಟ್ಟಿ ಸುತ್ತಿದ್ದೆ, ಕಂಬಿಗೆ." "ಒಮ್ಮೊಮ್ಮೆ ಕಿಟಕಿ ಕಡೆ ಕೈ ಮಾಡಿ ಅಳ್ತಿದ್ದ. ಬಿಸಿಲು ತಡೀಲಾರದ್ದಕ್ಕ ಅಳ್ತಾನಂತ ತಿಳ್ಕೊಂಡು ಮತ್ತ ಫೋನ್ ಮಾಡ್ತಿದ್ದೆ. ರಿಪೇರಿ ಆದ ದಿನ ಇನ್ನೂ ಜಾಸ್ತಿ ಅಳ್ತಿದ್ದ ಮೇಡಂ."

ಏಳು ಸಲ ಕಲಿಸಿದ್ದ ಮಹಾಂತೇಶ. ಒಟ್ಟು ಎಪ್ಪತ್ತೇಳು ದಿನ, ಇಳಿದು ಬರುವ ಲೋಹದ ಪಟ್ಟಿಗೆ ಒಂದೇ ಕೈ ಒಡ್ಡಿದ್ದ. ಅವನು ಕಲಿಸಿದ್ದನ್ನು ಮಗಳು ಪ್ರೀತಿಯಿಂದ ಅಳಿಸಿಹಾಕುತ್ತಿದ್ದಳು. ಅವನು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದ.

"ಕೊನೇ ತಡೆ ಮಾರ್ಚ್ ಒಂಬತ್ತು," ಎಂದು ತೇಜಸ್ವಿನಿ ಓದಿದರು.

"ಹತ್ತಕ್ಕ ಮಧ್ಯಾಹ್ನ ತೀರಿಕೊಂಡ." ಎಂದಳು ಶ್ರಾವಣಿ. "ಅವತ್ತು ಮನಿ ತುಂಬ ಮಂದಿ ಇದ್ರು. ನಾಲ್ಕೂಕಾಲಕ್ಕ ಪರದೆ ಅರ್ಧಕ್ಕ ನಿಂತು, ಅಪ್ಪನ ಮುಖದ ಮ್ಯಾಲ ಬಿಸಿಲು ಬಿತ್ತು. ಹೆಣದ ಮುಂದ ಕೂತು ನಾ ಏಳನೇ ದೂರು ಬರೆದೀನ್ರಿ."

ಅಷ್ಟೂ ತಡೆಗಳ ವರದಿ ತೇಜಸ್ವಿನಿಯವರ ಕಚೇರಿಗೂ ಹೋಗಿತ್ತು, ಯಾರೂ ಓದಿರಲಿಲ್ಲ. ಓದದೆ ಅಳಿಸುವುದಕ್ಕೆ ರಿಪೇರಿ ಎಂಬ ಹೆಸರು ಕೊಟ್ಟವರಲ್ಲಿ ತಾನೂ ಒಬ್ಬಳು ಎಂದು ನಾಚಿಕೆಯಾಯಿತು.

ಶ್ರಾವಣಿ ಮಂಚ ಹತ್ತಿ ಮಲಗಿದಳು. ಕಿಟಕಿಯ ಕಟ್ಟೆ ಹಾಸಿಗೆಯ ಮಟ್ಟಕ್ಕೇ ಇತ್ತು. ದಿಂಬಿನ ಮೇಲೆ ತಲೆಯಿಟ್ಟು ಸಂದಿನಿಂದ ನೋಡಿದಳು. ಬಿಸಿಲು ಕಣ್ಣಿಗೆ ಚುಚ್ಚಿ ನೀರು ಬಂತು. ಎದುರು ಮನೆ ಕಾಣಲಿಲ್ಲ. ಕಂಡದ್ದು ಗೇಟು, ಗೇಟಿನಾಚೆ ರಸ್ತೆಯ ತಿರುವು, ಅವಳು ದಿನಾ ಸ್ಕೂಟರು ನಿಲ್ಲಿಸುವ ಜಾಗ. ಅಷ್ಟೇ.

"ನಾ ಬರೋದು ನೋಡ್ತಿದ್ದ," ಎಂದಳು.

ಎದ್ದು ಓಡಿ ಗೇಟಿನ ಬಳಿ ಹೋಗಿ ನಿಂತು ಕಿಟಕಿಯತ್ತ ತಿರುಗಿದಳು. ಗಾಜಿನ ಮೇಲೆ ಬಿಸಿಲು ಝಗಝಗಿಸುತ್ತಿತ್ತು, ಒಳಗಿನದೇನೂ ಕಾಣಲಿಲ್ಲ. ಒಂದೂವರೆ ವರ್ಷ ಅವಳು ಇದೇ ಜಾಗದಲ್ಲಿ ಹೆಲ್ಮೆಟ್ ತೆಗೆದು, ಫೋನ್ ನೋಡುತ್ತಾ ಒಳಗೆ ನಡೆದಿದ್ದಳು. ಒಮ್ಮೆಯೂ ತಲೆಯೆತ್ತಿರಲಿಲ್ಲ.

ತೇಜಸ್ವಿನಿ ಏಳನೇ ದೂರನ್ನು ಮುಚ್ಚಿದರು, ಪರದೆಯನ್ನು ಮುಟ್ಟಲಿಲ್ಲ. ಆ ವರ್ಷವೇ ಇಂಗಿತದಲ್ಲಿ ಒಂದು ಬದಲಾವಣೆ ಬಂತು. ಕಲಿತದ್ದನ್ನು ಅಳಿಸುವ ಮುನ್ನ ಅದು 'ಕೋಣೆಯಲ್ಲಿರುವವರನ್ನು ಕೇಳಿದಿರಾ?' ಎಂದು ಪ್ರಶ್ನಿಸುತ್ತಿತ್ತು. ಜನರಿಗೆ ಅದು ಕಿರಿಕಿರಿ. ಬಹಳ ಮಂದಿ ಕೇಳದೆಯೇ 'ಹೌದು' ಒತ್ತಿದರು.

ಇಂಗಿತ ಬರುವುದಕ್ಕೆ ಇನ್ನೂ ಬಹಳ ವರ್ಷಗಳಿವೆ. ಸದ್ಯಕ್ಕೆ ನಮ್ಮ ಮನೆಯ ಪರದೆಗಳನ್ನು ನಾವೇ ಎಳೆಯುತ್ತಿದ್ದೇವೆ. ಮಲಗಿದವರ ಒಳ್ಳೆಯದಕ್ಕೆಂದೇ, ಅವರ ಮುಖ ನೋಡದೆ.