ಕೊನೆಯ ದಿನ ಬದಲಾದ ಪಟ್ಟಿ

"ಅದು ನನ್ನ ಕುರ್ಚಿ."

ಬಾಗಿಲಲ್ಲೇ ನಿಂತು ಅವಳು ಹಾಗೆಂದಾಗ, ಕುರ್ಚಿಯಲ್ಲಿ ಕೂತಿದ್ದ ಮನುಷ್ಯ ತಲೆ ಎತ್ತಿಯೂ ನೋಡಲಿಲ್ಲ. ಅವನೆದುರು ಹನ್ನೆರಡನೇ ತರಗತಿಯ ಹುಡುಗಿಯೊಬ್ಬಳು ತಪ್ಪು ಮಾಡಿದವಳ ಹಾಗೆ ಕೈಕಟ್ಟಿ ನಿಂತಿದ್ದಳು. ಮೇಜಿನ ಮೇಲೆ ಆ ಹುಡುಗಿ ಬರೆದ ಕಾಲೇಜುಗಳ ಪಟ್ಟಿ. ಮನುಷ್ಯ ಕೆಂಪು ಪೆನ್ನಿನಿಂದ ಒಂದೊಂದೇ ಹೆಸರನ್ನು ಹೊಡೆದು ಹಾಕುತ್ತಿದ್ದ.

"ಇದು ಬೇಡ. ಇದು ನಿನ್ನ ಕೈಲಾಗಲ್ಲ. ಇದಂತೂ..."

ಅವಳು ಸೀದಾ ಹೋಗಿ ಪಟ್ಟಿಯನ್ನು ಅವನ ಕೈಯ ಕೆಳಗಿನಿಂದ ಎಳೆದುಕೊಂಡಳು. ಕೆಂಪು ಗೀರು ಮೇಜಿನ ತನಕ ಹರಿಯಿತು.

"ಪಟ್ಟಿ ಮಗುವಿಂದು. ನಿಮ್ದಲ್ಲ, ನನ್ದೂ ಅಲ್ಲ. ಹೊಡೆದು ಹಾಕೋದಿದ್ರೆ ಅವಳೇ ಹಾಕ್ಲಿ."

ಆಗ ಅವನು ತಲೆ ಎತ್ತಿದ. ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ನೋಡಿದರು. ಅಬ್ಬಾ, ಎಂಥ ಜಂಬ ಈ ಮನುಷ್ಯನಿಗೆ... ಅಂದುಕೊಂಡಳು ಅವಳು. ಅವನು ಏನಂದುಕೊಂಡನೋ, ಎದ್ದು ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿಕೊಟ್ಟು ಹೊರಟುಹೋದ.

ಅವಳು ಅಂದು ಆ ಶಾಲೆಗೆ ಮಾರ್ಗದರ್ಶನದ ಮೇಡಂ ಆಗಿ ಬಂದವಳು. ಶಾಲೆ ಮುಗಿಸುವ ಮಕ್ಕಳು ಮುಂದೆ ಏನು ಓದಬೇಕು, ಎಲ್ಲಿ ಓದಬೇಕು, ಅರ್ಜಿ ಹೇಗೆ ತುಂಬಬೇಕು, ಕಾಲೇಜುಗಳನ್ನು ಯಾವ ಕ್ರಮದಲ್ಲಿ ಬರೆಯಬೇಕು, ಎಲ್ಲವೂ ಅವಳ ಕೆಲಸ. ಕುರ್ಚಿಯಲ್ಲಿದ್ದವನು ಗಣಿತದ ಮೇಷ್ಟ್ರು. ಅವಳು ಬರುವ ತನಕ ಈ ಕೆಲಸವನ್ನೆಲ್ಲ ಯಾರೂ ಹೇಳದಿದ್ದರೂ ಮೈಮೇಲೆ ಹಾಕಿಕೊಂಡು ಮಾಡುತ್ತಿದ್ದವನು.

ಮರುದಿನ ಅವಳ ಮೇಜಿನ ಮೇಲೆ ಒಂದು ಡಜನ್ ಪೆನ್ಸಿಲ್, ಆರು ರಬ್ಬರ್ ಇದ್ದವು. ಜೊತೆಗೊಂದು ಚೀಟಿ: "ಇನ್ನು ಮೇಲೆ ಕೆಂಪು ಪೆನ್ನಿಲ್ಲ. ಅಳಿಸೋದು ಮಕ್ಕಳ ಕೆಲಸ."

ಅವಳಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಂದ ಶುರುವಾಯಿತು, ನೋಡಿ.

ಎರಡು ವರ್ಷ ಇಬ್ಬರೂ ಆ ಮಹಡಿಯ ಕೊಠಡಿಯಲ್ಲಿ ಎದುರುಬದುರು ಕೂತು ಅರ್ಜಿಗಳ ರಾಶಿ ಕರಗಿಸಿದರು. ಅವಳು ಊಟ ಮರೆತರೆ ಅವನ ಡಬ್ಬಿಯ ಅರ್ಧ ಅವಳ ಕಡೆ ಸರಿಯುತ್ತಿತ್ತು. ಯಾವ ಮಗುವಿಗೆ ಸೀಟು ಸಿಕ್ಕರೂ ಮೊದಲು ಕಣ್ಣೊರೆಸಿಕೊಳ್ಳುತ್ತಿದ್ದವನು ಅವನೇ. ಮಕ್ಕಳು ಬೆನ್ನ ಹಿಂದೆ ಕಿಸಕ್ಕೆನ್ನುತ್ತಿದ್ದರು. ಒಂದು ದಿನ ಅವನು ಮೂರು ಸಲ ಗಂಟಲು ಸರಿಮಾಡಿಕೊಂಡು ಮದುವೆಯ ಮಾತೆತ್ತಿದ. ಅವಳು ಹೂಂ ಅಂದಳು. ಅವಳ ಅಕ್ಕ ದಿನ ನೋಡಲು ಶುರುಮಾಡಿದ್ದೂ ಆಯಿತು.

ಆ ವರ್ಷದ ಮಕ್ಕಳಲ್ಲಿ ಪುಟ್ಟಿ ಇದ್ದಳು.

ಪುಟ್ಟಿ ಅಂತ ಕರೆಯುತ್ತಿದ್ದದ್ದು ಅವಳ ಅಮ್ಮ. ಕೇಳಿ ಕೇಳಿ ಇಡೀ ಶಾಲೆಗೆ ಅದೇ ರೂಢಿಯಾಗಿತ್ತು. ಅಪ್ಪ ಇಲ್ಲದ ಹುಡುಗಿ. ಅಮ್ಮ ಶಾಲೆಯ ಹಿಂದಿನ ಬೀದಿಯಲ್ಲಿ ಸಮವಸ್ತ್ರ ಹೊಲಿಯುತ್ತಿದ್ದಳು. ಎಲ್ಲರಿಗೂ ಟೈಲರಮ್ಮ. ಮನೆಗೆಲ್ಲ ಒಂದೇ ಫೋನು, ಅದು ಹೊಲಿಗೆ ಯಂತ್ರದ ಪಕ್ಕ ಕತ್ತರಿಯ ಜೊತೆ ಬಿದ್ದಿರುತ್ತಿತ್ತು.

ಮೇಡಂ ಪ್ರತಿ ವರ್ಷ ಅಪ್ಪ ಅಮ್ಮಂದಿರನ್ನು ಕೂರಿಸಿಕೊಂಡು ಒಂದು ಮಾತನ್ನು ಹೇಳಿದ್ದೇ ಹೇಳುತ್ತಿದ್ದಳು. ಅರ್ಜಿಯಲ್ಲಿ ಒಂದಕ್ಷರ ಬದಲಿಸಿದರೂ ನಿಮ್ಮ ಫೋನಿಗೆ ಓಟಿಪಿ ಬರುತ್ತದೆ, ಅದಿಲ್ಲದೆ ಏನೂ ಆಗುವುದಿಲ್ಲ, ಫೋನಲ್ಲಿ ಯಾರು ಕೇಳಿದರೂ ಹೇಳಬೇಡಿ, ನಾನೇ ಕೇಳಿದರೂ ಹೇಳಬೇಡಿ. ಒಮ್ಮೆ ಅವಳೇ ಮರೆತು ಟೈಲರಮ್ಮನಿಗೆ ಫೋನು ಮಾಡಿ ಓಟಿಪಿ ಕೇಳಿಬಿಟ್ಟಳು. ಆ ಕಡೆಯಿಂದ ತಣ್ಣಗೆ ಉತ್ತರ ಬಂತು.

"ಹೇಳಲ್ಲ ಮೇಡಂ. ನೀವೇ ಹೇಳಿದ್ರಲ್ಲ."

ಹತ್ತು ನಿಮಿಷದೊಳಗೆ ಟೈಲರಮ್ಮ ಕೊರಳಲ್ಲಿ ಅಳತೆಯ ಟೇಪನ್ನು ನೇತುಹಾಕಿಕೊಂಡೇ ಮಹಡಿ ಹತ್ತಿ ಬಂದು, ಎದುರು ನಿಂತು, ಒಂದೊಂದೇ ಅಂಕಿ ಓದಿ ಹೋಗಿದ್ದಳು. ಮೇಷ್ಟ್ರು ಅದನ್ನು ವಾರವಿಡೀ ಹೇಳಿಕೊಂಡು ನಕ್ಕಿದ್ದ.

ಆಮೇಲೆ ಟೈಲರಮ್ಮನಿಗೆ ಕಾಯಿಲೆ ಬಂತು. ಸಣ್ಣಪುಟ್ಟದ್ದಲ್ಲ. ವಾರಕ್ಕೆರಡು ಸಲ ಆಸ್ಪತ್ರೆ. ಮಹಡಿ ಇರಲಿ, ಮನೆಯ ಹೊಸ್ತಿಲು ದಾಟಿದರೂ ಏದುಸಿರು.

ಪಟ್ಟಿ ಬರೆಯುವ ಹೊತ್ತಿಗೆ ಪುಟ್ಟಿ ಊರಿನ ಕಾಲೇಜನ್ನು ಮೊದಲು ಬರೆದಳು. ಅವಳ ಗಣಿತದ ಬುದ್ಧಿಗೆ ತಕ್ಕದ್ದೆಂದರೆ ದೂರದ ಗಣಿತ ಸಂಸ್ಥೆ, ರೈಲಿನಲ್ಲಿ ಒಂದೂವರೆ ದಿನದ ದಾರಿ. ಅದನ್ನು ಎರಡನೆಯದಾಗಿ ಬರೆದಳು. ಮೇಡಂ ಮೂರು ಸಲ "ಖಂಡಿತಾನಾ?" ಅಂತ ಕೇಳಿದಳೇ ಹೊರತು ಬೇರೇನೂ ಹೇಳಲಿಲ್ಲ.

"ಅಮ್ಮನ್ನ ಬಿಟ್ಟು ಹೋಗಲ್ಲ ಮೇಡಂ."

ಕಿಟಕಿಯ ಹತ್ತಿರ ಮೇಷ್ಟ್ರು ನಿಂತಿದ್ದ. ತುಟಿಪಿಟಕ್ಕೆನ್ನಲಿಲ್ಲ. ತನ್ನ ಮನುಷ್ಯ ಎಷ್ಟು ಬದಲಾಗಿದ್ದಾನೆ ಅಂತ ಅವಳಿಗೆ ಅಂದು ಹೆಮ್ಮೆಯೆನಿಸಿತ್ತು.

ಪಟ್ಟಿ ಮುಚ್ಚುವ ಕೊನೆಯ ದಿನ ಇನ್ನೊಬ್ಬ ವಿದ್ಯಾರ್ಥಿಯ ಅಂಕಪಟ್ಟಿಯ ತಕರಾರಿಗೆಂದು ಅವಳು ಹೊರಗೆ ಹೋಗಿದ್ದಳು. ಕೊಠಡಿಯ ಬೀಗದ ಕೈ ಮೇಷ್ಟ್ರ ಬಳಿ ಇತ್ತು.

ಹದಿನೈದು ದಿನಕ್ಕೆ ಸೀಟು ಹಂಚಿಕೆಯ ಫಲಿತಾಂಶ ಬಂತು. ಪುಟ್ಟಿಗೆ ದೂರದ ಸಂಸ್ಥೆ!

ಊರಿನ ಕಾಲೇಜು ಕಣ್ಣುಮುಚ್ಚಿಕೊಂಡು ಸಿಗುವಷ್ಟು ಅಂಕ ಅವಳಿಗಿತ್ತು; ಮೊದಲು ಬರೆದದ್ದು ಸಿಕ್ಕರೆ ಎರಡನೆಯದರ ಪ್ರಶ್ನೆಯೇ ಬರದು. ಮೇಡಂ ದಾಖಲೆ ತೆರೆದಳು. ಕೊನೆಯ ದಿನ, ಸಂಜೆ ನಾಲ್ಕು ಮೂವತ್ತೆಂಟಕ್ಕೆ, ಇದೇ ಕೊಠಡಿಯ ಕಂಪ್ಯೂಟರಿನಿಂದ ಕ್ರಮ ಬದಲಾಗಿತ್ತು. ಎರಡನೆಯದು ಒಂದಾಗಿತ್ತು, ಒಂದನೆಯದು ಎರಡಾಗಿತ್ತು.

"ಯಾರು ಬದಲಾಯಿಸಿದ್ದು?"

"ನಾನು," ಅಂದ ಮೇಷ್ಟ್ರು.

ಅಷ್ಟೇ. ಯಾಕೆ ಅಂತ ಹೇಳಲಿಲ್ಲ. ಅವಳು ಕೂಗಾಡಿದಳು, ಅತ್ತಳು, ಕೊನೆಗೆ ಕೈಮುಗಿದೂ ಕೇಳಿದಳು. ಅವನು ಬಾಯಿಗೆ ಬೀಗ ಹಾಕಿಕೊಂಡವನಂತೆ ಕೂತೇ ಇದ್ದ. ಪೆನ್ಸಿಲ್ಲು, ರಬ್ಬರು, ಎಲ್ಲ ನಾಟಕವಾಗಿತ್ತೇ? ಕೆಂಪು ಪೆನ್ನು ಅವನ ಜೇಬಲ್ಲೇ ಇತ್ತೇ?

"ಒಂದು ಮಗುವಿನ ಬದುಕನ್ನ ಅವಳನ್ನ ಕೇಳದೆ ತಿದ್ದಿದೋರು, ನಾಳೆ ನನ್ನ ಬದುಕನ್ನೂ ತಿದ್ತೀರಿ. ನಮ್ಮಿಬ್ಬರದು ಇಲ್ಲಿಗೆ ಮುಗೀತು."

ಅವನು ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೋದ. ಅಂದು ರಾತ್ರಿ ಅವಳು ಅಕ್ಕನಿಗೆ ದಿನ ನೋಡುವುದು ಬೇಡ ಅಂದಳು.

ಟೈಲರಮ್ಮನ ಮನೆಗೂ ಹೋಗಿ ಕ್ಷಮೆ ಕೇಳಿದಳು. ಟೈಲರಮ್ಮ ಸೂಜಿಯ ಮೇಲಿನ ಕಣ್ಣು ಎತ್ತಲಿಲ್ಲ. ಆದದ್ದಾಯಿತು, ಬಂದ ಸೀಟು ಬಿಡುವುದು ಬೇಡ, ಪುಟ್ಟಿ ಹೋಗಲಿ ಅಂದಳು. "ಮೇಷ್ಟ್ರನ್ನ ಏನೂ ಅನ್ಬೇಡಿ ಮೇಡಂ." ಎಂಥ ದೊಡ್ಡ ಮನಸ್ಸು ಅಂತ ಮೇಡಂಗೆ ಮತ್ತಷ್ಟು ಅಳು ಬಂತು.

ಊರಿನ ಕಾಲೇಜಿನ ಸೀಟು ಆಗಲೇ ಕೈಬಿಟ್ಟಿತ್ತು, ಅಮ್ಮನೂ ಹಠ ಬಿಡಲಿಲ್ಲ; ಪುಟ್ಟಿ ಹೋದಳು. ಹೋದ ಎರಡನೇ ತಿಂಗಳಿಗೆ ಟೈಲರಮ್ಮ ತೀರಿಕೊಂಡಳು.

ಒಂದೂವರೆ ದಿನದ ರೈಲು. ಪುಟ್ಟಿ ಬಂದು ಇಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಗಿಲ ಹೊರಗೆ ತಲೆ ತಗ್ಗಿಸಿ ನಿಂತಿದ್ದ ಮೇಷ್ಟ್ರ ಮುಂದೆ ಅವಳು ಬಂದು ನಿಂತಳು. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

"ಅಮ್ಮನ ಎರಡು ತಿಂಗಳು ವಾಪಸ್ ಕೊಡ್ತೀರಾ ಸಾರ್?"

ಅವನು ಅದನ್ನೂ ಹೊಟ್ಟೆಗೆ ಹಾಕಿಕೊಂಡ. ಪಕ್ಕದಲ್ಲಿದ್ದ ಮೇಡಂ ಮುಖ ತಿರುಗಿಸಿದಳು. ಇಷ್ಟಾದರೂ ಅವನ ಸೊರಗಿದ ಕುತ್ತಿಗೆ ನೋಡಿ ಎದೆಯಲ್ಲಿ ಚುಳುಕ್ಕೆಂದಿತಲ್ಲ, ಅದಕ್ಕೆ ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು.

ಮುಂದಿನ ವಾರ, ಮಧ್ಯಾಹ್ನ, ಪುಟ್ಟಿ ಮಹಡಿ ಹತ್ತಿ ಬಂದಳು. ಕೈಯಲ್ಲಿ ಅಮ್ಮನ ಫೋನು.

"ಸೀಟು ಬಿಟ್ಟುಕೊಡ್ತೀನಿ ಮೇಡಂ. ಅರ್ಜಿ ತೆಗೀರಿ."

ಬಿಟ್ಟುಕೊಟ್ಟರೆ ಮತ್ತೆ ಸಿಗುವುದಿಲ್ಲ, ಮುಂದೇನು ಮಾಡುತ್ತೀಯ ಅಂತ ಮೇಡಂ ಕೇಳಿದಳು. ಅಮ್ಮನ ಯಂತ್ರ ಇದೆಯಲ್ಲ, ಹೊಲಿಯುತ್ತೇನೆ ಅಂದಳು ಪುಟ್ಟಿ. ಹದಿನೇಳು ವರ್ಷದ ಹುಡುಗಿಯ ದನಿಯಲ್ಲಿ ಮುದುಕಿಯ ಸುಸ್ತಿತ್ತು.

"ಖಂಡಿತಾನಾ?"

"ಹೂಂ."

"ಖಂಡಿತಾನಾ ಪುಟ್ಟಿ?"

"ಹೂಂ ಅಂದೆನಲ್ಲ."

ಮೂರನೇ ಸಲ ಕೇಳುವಾಗ ಅವಳ ದನಿ ಒಡೆಯಿತು. ಆದರೂ ಪಟ್ಟಿ ಮಗುವಿನದು. ತಾನೇ ಹೇಳಿದ ಮಾತು. ಪ್ರವೇಶ ರದ್ದು ಮಾಡುವ ಪುಟ ತೆರೆದು, ತುಂಬಿ, ಕೊನೆಯ ಗುಂಡಿ ಒತ್ತಿದಳು. ಅಮ್ಮನ ಫೋನು ಮೇಜಿನ ಮೇಲೆ ಗುಂಯ್ ಅಂದಿತು. ಓಟಿಪಿ, ಹತ್ತು ನಿಮಿಷ ಚಾಲ್ತಿ.

ಪುಟ್ಟಿ ಫೋನನ್ನು ಇತ್ತ ತಳ್ಳಿದಳು. ಗಾಜು ಬಿರುಕು ಬಿಟ್ಟಿತ್ತು, ಯಂತ್ರದ ಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಮೇಡಂ ಆರು ಅಂಕಿ ಓದಲೆಂದು ಬಗ್ಗಿದಳು. ಬಿರುಕಿನ ಹಿಂದೆ, ಹೊಸ ಸಂದೇಶದ ಮೇಲೆ, ಅದೇ ಕಡೆಯಿಂದ ಬಂದ ಹಳೆಯದೊಂದಿತ್ತು.

"ಆಯ್ಕೆಗಳ ಕ್ರಮ ಬದಲಿಸಲು ನಿಮ್ಮ ಓಟಿಪಿ..."

ಕೊನೆಯ ದಿನ. ನಾಲ್ಕು ಮೂವತ್ತಾರು.

ಅವಳು ಆ ಸಮಯವನ್ನು ಮತ್ತೊಮ್ಮೆ ಓದಿದಳು.

ಅಯ್ಯೋ... ವರ್ಷವಿಡೀ ಊರಿಗೆಲ್ಲ ಇದನ್ನೇ ಹೇಳುವವಳು ನಾನು. ಓಟಿಪಿ ಇಲ್ಲದೆ ಒಂದಕ್ಷರ ಬದಲಾಗದು ಅಂತ. ಅವನೊಬ್ಬನೇ ಹೇಗೆ ಬದಲಾಯಿಸಿಯಾನು? ಫೋನು ಟೈಲರಮ್ಮನ ಹತ್ತಿರ. ಟೈಲರಮ್ಮ ಫೋನಲ್ಲಿ ಯಾರಿಗೂ ಹೇಳುವವಳಲ್ಲ, ನನಗೇ ಹೇಳಿರಲಿಲ್ಲ. ಎರಡು ನಿಮಿಷದಲ್ಲಿ ಓಟಿಪಿ ಇಲ್ಲಿಗೆ ಬಂದಿದೆಯೆಂದರೆ...

ಕೋಪದ ಕೈಗೆ ಬುದ್ಧಿ ಕೊಟ್ಟು ಇಷ್ಟು ದಿನ ಕುರುಡಿಯಾಗಿದ್ದೆನಲ್ಲ ಅಂತ ಅವಳಿಗೆ ನಾಚಿಕೆಯಾಯಿತು. ಸಂದೇಶ ಅಳಿಸಬಹುದಿತ್ತು, ಮುಚ್ಚಬಹುದಿತ್ತು. ಅವಳು ಫೋನನ್ನು ತಿರುಗಿಸಿ ಪುಟ್ಟಿಯ ಮುಂದಿಟ್ಟಳು.

ಪುಟ್ಟಿ ಓದಿದಳು. ಮತ್ತೆ ಓದಿದಳು.

"ಅವತ್ತು ಅಮ್ಮ ಸಮವಸ್ತ್ರ ಕೊಟ್ಟು ಬರ್ತೀನಿ ಅಂತ ಶಾಲೆಗೆ ಹೋಗಿದ್ಲು," ಅಂದಳು ನಿಧಾನವಾಗಿ. "ನಾನೇ ಕೊಡ್ತೀನಿ ಅಂದ್ರೂ ಕೇಳ್ಲಿಲ್ಲ... ಈ ಮಹಡಿನೂ ಹತ್ತಿದ್ಲಾ ಮೇಡಂ?"

ಇಬ್ಬರೂ ಬಾಗಿಲಾಚೆಯ ಮೆಟ್ಟಿಲುಗಳನ್ನು ನೋಡುತ್ತ ಕೂತರು. ಇಪ್ಪತ್ತೆರಡು ಮೆಟ್ಟಿಲು. ಹತ್ತು ನಿಮಿಷ ಕಳೆದು, ಪುಟ ತಾನಾಗಿ ಮುಚ್ಚಿಕೊಂಡಿತು. ಯಾರೂ ಅದನ್ನು ಮತ್ತೆ ತೆರೆಯಲಿಲ್ಲ.

"ಸಾರನ್ನ ಕರೀರಿ," ಅಂದಳು ಪುಟ್ಟಿ.

ಮೇಷ್ಟ್ರು ಬೆರಳಲ್ಲಿ ಸೀಮೆಸುಣ್ಣದ ಪುಡಿಯೊಂದಿಗೇ ಬಂದ. ಮೇಜಿನ ಮೇಲಿನ ಫೋನು ನೋಡಿದ. ಗೋಡೆಗೆ ಒರಗಿ ನಿಂತು ಹೇಳತೊಡಗಿದ.

ಟೈಲರಮ್ಮನಿಗೆ ಡಾಕ್ಟರು ಮೂರು ತಿಂಗಳು ಅಂದಿದ್ದರಂತೆ. ಪುಟ್ಟಿಗೆ ಅವಳು ಹೇಳಿರಲಿಲ್ಲ. ಇಲ್ಲೇ ಇದ್ದರೆ ನನ್ನ ಹಾಸಿಗೆ ಕಾಯುತ್ತಾಳೆ, ನಾನು ಹೋದ ಮೇಲೆ ಈ ಯಂತ್ರಕ್ಕೇ ಕಟ್ಟುಬೀಳುತ್ತಾಳೆ, ಆಮೇಲೆ ಅವಳನ್ನು ಎಬ್ಬಿಸುವವರು ಯಾರು ಅಂದಿದ್ದಳಂತೆ. ಮೆಟ್ಟಿಲು ಹತ್ತಿ ಬಂದು ಕಾಲು ಗಂಟೆ ಮಾತೇ ಹೊರಡಲಿಲ್ಲವಂತೆ.

"ಅಂಕಿ ಓದುವಾಗ ಒಂದು ತಪ್ಪಿಹೋಯ್ತು," ಅಂದ ಮೇಷ್ಟ್ರು. "ಮತ್ತೆ ಮೊದಲಿಂದ ಓದಿದ್ರು. ಪುಟ್ಟಿ ಯಾರ ಮೇಲಾದ್ರೂ ಸಿಟ್ಟು ಮಾಡ್ಕೋಬೇಕಲ್ಲ, ನಿಮ್ಮ ಮೇಲೆ ಮಾಡ್ಕೊಳ್ಳಲಿ ಮೇಷ್ಟ್ರೇ, ನನ್ನ ಮೇಲೆ ಬೇಡ ಅಂದ್ರು. ಮಾತು ತಗೊಂಡ್ರು. ನಾನು ಕೊಟ್ಟುಬಿಟ್ಟೆ."

ಪುಟ್ಟಿ ಆ ಫೋನನ್ನು ಎದೆಗೊತ್ತಿಕೊಂಡು, ಊರಿಗೆ ಬಂದ ಮೇಲೆ ಮೊದಲ ಸಲ, ಬಿಕ್ಕಿ ಬಿಕ್ಕಿ ಅತ್ತಳು. ಎಷ್ಟೋ ಹೊತ್ತಿನ ಮೇಲೆ ಮುಖ ಎತ್ತಿದಳು.

"ನಾನು ಹೋಗ್ತೀನಿ ಸಾರ್. ಆದ್ರೆ ಕ್ಷಮಿಸಿಲ್ಲ. ನಿಮ್ಮನ್ನೂ, ಅಮ್ಮನ್ನೂ. ನನ್ನನ್ನ ಒಂದು ಮಾತು ಕೇಳ್ಬೇಕಿತ್ತು."

"ಕೇಳ್ಬೇಕಿತ್ತು," ಅಂದ ಮೇಷ್ಟ್ರು.

ನಾಲ್ಕು ದಿನ ಬಿಟ್ಟು ರೈಲು. ಪುಟ್ಟಿಯ ಚೀಲದಲ್ಲಿ ಬಟ್ಟೆಗಿಂತ ಹೆಚ್ಚಾಗಿ ಅಮ್ಮನ ಸಾಮಾನಿತ್ತು. ಅಳತೆಯ ಟೇಪು, ಕತ್ತರಿ, ನೂಲಿನ ಉಂಡೆಗಳು. ರೈಲು ಹೊರಟಾಗ ಅವಳು ಮೇಡಂಗೆ ಕೈ ಬೀಸಿದಳು. ಮೇಷ್ಟ್ರ ಕಡೆ ಸುಮ್ಮನೆ ನೋಡಿದಳು. ಬೋಗಿ ಮರೆಯಾಗುವ ತನಕ ನೋಡುತ್ತಲೇ ಇದ್ದಳು.

ಖಾಲಿಯಾದ ಪ್ಲಾಟ್‌ಫಾರ್ಮಿನಲ್ಲಿ ಇಬ್ಬರೇ ಉಳಿದರು. ನಡುವೆ ಒಂದು ಬೆಂಚಿನಷ್ಟು ದೂರ.

"ನಾನು ನಿಮ್ಮನ್ನ ಬಾಯಿಗೆ ಬಂದ ಹಾಗೆ ಅಂದೆ," ಅಂದಳು ಅವಳು. "ಅದು ತಪ್ಪು. ಆದ್ರೆ ನೀವು ಮಾಡಿದ್ದೂ ತಪ್ಪೇ. ಈಗಲೂ ಹಾಗೇ ಅನ್ಸುತ್ತೆ."

"ನನಗೂ ಹಾಗೇ ಅನ್ಸುತ್ತೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಆ ಎರಡು ತಿಂಗಳು ನೆನಪಾಗುತ್ತೆ. ಅವಳಮ್ಮ ಮತ್ತೆ ಬಂದು ಹಾಗೇ ನಿಂತ್ಕೊಂಡು ಕೇಳಿದ್ರೆ ಏನ್ ಮಾಡ್ತೀನೋ, ಅದೂ ಗೊತ್ತಿಲ್ಲ."

"ನನಗಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಪುಟ್ಟಿಗೆ ಹೇಳ್ತಿದ್ರಿ."

ಹೇಳುತ್ತಿದ್ದಳು. ಅದು ಅವಳಿಗೂ ಗೊತ್ತಿತ್ತು. ಅವನ ಕಣ್ಣ ಕೆಳಗಿನ ಕಪ್ಪು, ಸಡಿಲವಾದ ಅಂಗಿಯ ತೋಳು... ಇಷ್ಟು ತಿಂಗಳು ಈ ಮನುಷ್ಯ ಯಾರ ಜೊತೆ ಊಟ ಮಾಡಿದನೋ! ಅವಳ ಮನಸ್ಸು ತಡೆಯಲಿಲ್ಲ. ಹೋಗಿ ಅವನ ಪಕ್ಕದಲ್ಲಿ ನಿಂತಳು.

"ನಿಮ್ಮನ್ನ ಬಿಟ್ಟಿರೋಕೆ ನನ್ನಿಂದ ಆಗ್ತಿಲ್ಲ," ಅಂದಳು. "ಆದ್ರೆ ಇನ್ನು ಮೇಲೆ ನನ್ನ ವಿಷಯ ಏನೇ ಇರಲಿ, ಸಾಯೋ ಸುದ್ದಿನೇ ಇರಲಿ, ನನ್ನನ್ನ ಕೇಳ್ಬೇಕು. ನನ್ನ ಒಳ್ಳೇದಕ್ಕೆ ಅಂತ ಮುಚ್ಚಿಡೋ ಹಾಗಿಲ್ಲ."

ಅವನು ತಲೆಯಾಡಿಸಿದ. ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದ. ಆಮೇಲೆ ಮೂರು ಸಲ ಗಂಟಲು ಸರಿಮಾಡಿಕೊಂಡ.

"ಕೇಳ್ಲಾ?"

"ಕೇಳಿ."

"ಬಸ್ಸಲ್ಲಿ ಹೋಗೋಣ್ವಾ, ನಡ್ಕೊಂಡು ಹೋಗೋಣ್ವಾ?"

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಸೀಮೆಸುಣ್ಣ ಅಂಟಿದ ಆ ಬೆರಳುಗಳನ್ನು ಹಿಡಿದುಕೊಂಡಳು.

"ನಡ್ಕೊಂಡು."

"ಖಂಡಿತಾನಾ? ದೂರ ಇದೆ."

"ಇರಲಿ."