ಎಡಕ್ಕೆ ಎಳೆಯುವ ಬಂದೂಕು

ಹೊಸ ಆಟಿಕೆ ಬಂದೂಕು ಗುಂಡನ್ನು ಎಡಕ್ಕೆ ಎಳೆಯುತ್ತದೆ ಎಂದು ಅವಳು ವರದಿ ಕೊಟ್ಟಿದ್ದೇ ತಡ, ಕಾರ್ಖಾನೆಯಲ್ಲಿ ದೊಡ್ಡ ರಾದ್ಧಾಂತವಾಯಿತು.

ಫೋಮ್ ಗುಂಡು ಹಾರಿಸುವ ಬಂದೂಕುಗಳು ಮಕ್ಕಳ ಕೈಗೆ ಹೋಗುವ ಮುಂಚೆ ಹೊಡೆದು ನೋಡುವುದೇ ಅವಳ ಕೆಲಸ. ಉದ್ದನೆಯ ಕೋಣೆಯ ಈ ತುದಿಯಲ್ಲಿ, ಹಳದಿ ಗೆರೆಯ ಹಿಂದೆ ಅವಳು. ಆ ತುದಿಯಲ್ಲಿ ಗುರಿಹಲಗೆ, ಅದರ ಎಡಕ್ಕೆ ಗುಂಡು ತಾಕಿದ ಜಾಗ ಗುರುತು ಮಾಡುವವನು. ಅವನನ್ನು ಎಲ್ಲರೂ ಸೀಮೆಸುಣ್ಣ ಎಂದೇ ಕರೆಯುತ್ತಿದ್ದರು.

"ರೆಡಿನಾ?" ಎಂದು ಅವಳು ಕೇಳುತ್ತಿದ್ದಳು.

"ನಾನು ಯಾವಾಗ್ಲೂ ರೆಡಿನೇ. ನೀವು ಹೊಡೀಬೇಕಷ್ಟೆ."

ದಿನವಿಡೀ ಅವಳ ಮಾತುಕತೆ ಹೆಚ್ಚುಕಡಿಮೆ ಇಷ್ಟೇ. ಮನೆಯಲ್ಲಿ ಒಂದು ತಟ್ಟೆ, ಒಂದು ಲೋಟ. ಭಾನುವಾರ ಅಕ್ಕ ಫೋನ್ ಮಾಡಿ ಊಟ ಆಯ್ತಾ ಎಂದು ಕೇಳಿ ಇಟ್ಟುಬಿಟ್ಟರೆ, ಆಮೇಲೆ ಅವಳ ದನಿ ಅವಳಿಗೇ ಕೇಳಿಸುತ್ತಿರಲಿಲ್ಲ. ಒಂಟಿತನ ರೂಢಿಯಾಗಿದೆ ಎಂದುಕೊಳ್ಳುತ್ತಿದ್ದಳು. ಅದು ಶುದ್ಧ ಸುಳ್ಳು. ರೂಢಿಯಾಗಿದ್ದರೆ ಸೋಮವಾರ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದಳೇ?

ಸೂಪರ್‌ವೈಸರ್ ಅದೇ ಬಂದೂಕನ್ನು ಕಬ್ಬಿಣದ ಸ್ಟ್ಯಾಂಡಿಗೆ ಬಿಗಿಸಿ ಹೊಡೆಸಿದರು. ಗುಂಡುಗಳೆಲ್ಲ ನಟ್ಟನಡುವೆಯೇ ತಾಕಿದವು.

"ಕುಣೀಲಾರದವಳು ನೆಲ ಡೊಂಕು ಅಂದ ಹಾಗಾಯ್ತಲ್ಲಮ್ಮ. ಇನ್ನು ಸ್ಟ್ಯಾಂಡೇ ಹೊಡೀಲಿ. ನಾಳೆಯಿಂದ ನೀವು ಪ್ಯಾಕಿಂಗಿಗೆ ಹೋಗಿ," ಎಂದು ಹೇಳಿ ಹೊರಟುಹೋದರು.

ಕೆಲಸ ಯಾವುದಾದರೇನು ಎಂದುಕೊಂಡಳು. ಆದರೆ ಪ್ಯಾಕಿಂಗಿನಲ್ಲಿ "ರೆಡಿನಾ" ಎಂದು ಯಾರನ್ನು ಕೇಳುವುದು?

ಆ ತುದಿಯಿಂದ ಅವನೆಂದ, "ಹೋದ ತಿಂಗಳು ಈ ಗೋಡೆ ಬಣ್ಣ ಹಸಿ ಇತ್ತು ಅಂತ ನಾನು ಬಲಕ್ಕೆ ನಿಂತಿದ್ದೆ. ನೆನಪಿದೆಯಾ?"

"ಹೂಂ."

"ಅವತ್ತು ನಿಮ್ಮ ಗುಂಡೆಲ್ಲ ಬಲಕ್ಕೇ ಬಂದ್ವು."

ಅವಳ ಕಿವಿ ಬಿಸಿಯಾಯಿತು. ಕಣ್ಣು ಹೋದ ಕಡೆಗೇ ಕೈ ಹೋಗಿತ್ತು. ಪಾಪ, ಬಂದೂಕಿನ ಮೇಲೆ ಗೂಬೆ ಕೂರಿಸಿದ್ದಳು.

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಗುರಿ ಸರಿ ಮಾಡ್ಕೊಂಡುಬಿಡ್ತಿದ್ರಿ. ನನ್ನ ಕಡೆ ನೋಡೋದೂ ನಿಂತುಹೋಗ್ತಿತ್ತು." ಅವನು ಸೀಮೆಸುಣ್ಣವನ್ನು ಬೆರಳಲ್ಲಿ ಉರುಳಿಸಿದ. "ನನ್ನನ್ನ ನೋಡೋರು ಬೇರೆ ಯಾರಿದ್ದಾರೆ ಹೇಳಿ."

ಅವನು ಹಲಗೆಯನ್ನು ಪಕ್ಕಕ್ಕೆ ಸರಿಸಿ, ಕಣ್ಣಿಗೆ ಕೆಲಸದ ಕನ್ನಡಕ ಏರಿಸಿಕೊಂಡು, ಅದರ ಜಾಗದಲ್ಲಿ ತಾನೇ ನಿಂತ.

"ಈಗ ಹೊಡೀರಿ."

ಹೊಡೆದಳು. ಗುಂಡು ನೆಟ್ಟಗೆ ಹೋಗಿ ಅವನ ಅಂಗಿಯ ಜೇಬಿಗೆ ಮೆತ್ತಗೆ ತಾಕಿ ಕೆಳಗೆ ಬಿತ್ತು. ತಾಕಿದ ಜಾಗದಲ್ಲಿ ಅವನು ಎಂದಿನಂತೆ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡ. ಮೊದಲ ಸಲ ಪ್ರಶ್ನೆ ಆ ಕಡೆಯಿಂದ ಬಂತು.

"ರೆಡಿನಾ?"

ಅವಳು ಬಂದೂಕು ಕೆಳಗಿಟ್ಟು ಹಳದಿ ಗೆರೆ ದಾಟಿದಳು. ಆ ಕೋಣೆ ಇಷ್ಟು ಉದ್ದ ಎಂದು ಅವಳಿಗೆ ಗೊತ್ತೇ ಇರಲಿಲ್ಲ.