ಗುಲ್ಜಾರಬಿಯ ಒಪ್ಪಿಗೆ

"ನನ್ನ ತಂಗಿ ಮಂದಿಗೆ ತಮಾಷಿ ಅಲ್ರಿ. ಸುಮ್ನ ಮುಂದ ನಡೀರಿ."

ಕಮರುದ್ದೀನ ಬೆಚ್ಚಿ ತಿರುಗಿದ. ತಲೆಯ ಮೇಲೆ ಸೆರಗು, ಕಣ್ಣಲ್ಲಿ ಬೆಂಕಿ. ಗುಲ್ಜಾರಬಿಯನ್ನು ಅವನು ಮೊದಲು ಕಂಡದ್ದು ಹಾಗೆ.

ಹುಬ್ಬಳ್ಳಿಯಲ್ಲಿ ಅವನದು ತಗಡಿನ ಟ್ರಂಕುಗಳ ಅಂಗಡಿ. ಮದುವೆಮನೆಯೊಂದಕ್ಕೆ ಟ್ರಂಕು ತಲುಪಿಸಲು ಶಿರಗುಪ್ಪಿಗೆ ಬಂದವನು ಶಾಲೆಯ ಕಿಟಕಿಯ ಹೊರಗೆ ನೆಲದ ಮೇಲೆ ಕುಳಿತಿದ್ದ ಪುಟ್ಟ ಹುಡುಗಿಯನ್ನು ನೋಡುತ್ತ ನಿಂತುಬಿಟ್ಟಿದ್ದ.

"ತಮಾಷಿ ನೋಡಾಕತ್ತಿಲ್ರಿ. ಮಾಸ್ತರು ಕೇಳಿದ್ದಕ್ಕ ಒಳಗಿನವರಿಗಿಂತ ಮೊದಲ ಈಕಿ ಉತ್ರಾ ಹೇಳಾಕತ್ತಾಳ. ಒಳಗ ಯಾಕ ಕೂಡೂದಿಲ್ಲ?"

"ಕಾಲಿಲ್ಲದಾಕಿ ಕಲ್ತು ಏನ ಮಾಡ್ತಾಳ ಅಂತ ಮಾಸ್ತರು ಸಾಲ್ಯಾಗ ಹೆಸರು ಹಚ್ಚಿಕೊಳ್ಳಲಿಲ್ಲ." ಅವಳ ದನಿ ತಗ್ಗಿತು.

ಜ್ವರವೊಂದು ತಂಗಿ ಮದೀನಾಬಿಯ ಎರಡೂ ಕಾಲುಗಳ ಶಕ್ತಿ ಕಿತ್ತುಕೊಂಡಿತ್ತು. ಆ ಹುಡುಗಿಯ ಮುಖ ಕಮರುದ್ದೀನನಿಗೆ ಮರೆಯಲಾಗಲಿಲ್ಲ. ಅವಳ ಅಕ್ಕನ ಮುಖವೂ ಅಷ್ಟೇ.

ಅವನು ಹೋಗಿ ಕೇಳಿಕೊಂಡಾಗ ಧಾರವಾಡದ ಶಾಲೆಯೊಂದರ ಹೆಡ್‌ಮಿಸ್ಟ್ರೆಸ್ ತಾರಾಬಾಯಿ ಹುಡುಗಿಯನ್ನು ಸೇರಿಸಿಕೊಳ್ಳಲು ಒಪ್ಪಿದರು. ಖರ್ಚೆಲ್ಲ ಕಮರುದ್ದೀನನದು. ದೊಡ್ಡ ಮಗಳು ಜೊತೆಗಿದ್ದರೆ ಮಾತ್ರ ಎಂದು ತಂದೆ ಶರೀಫಸಾಬ ಹೂಂಗುಟ್ಟಿದ. ಅಕ್ಕತಂಗಿಯರು ಮಾಳಮಡ್ಡಿಯ ಒಂದು ಕೋಣೆಗೆ ಬಂದರು. ಗುಲ್ಜಾರಬಿ ದಿನವೂ ತಂಗಿಯನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ಒಯ್ಯುತ್ತಿದ್ದಳು.

ಅದನ್ನು ಕಂಡ ಕಮರುದ್ದೀನ ತಗಡು, ಕಟ್ಟಿಗೆ ಸೇರಿಸಿ ಒಂದು ಸಣ್ಣ ಗಾಡಿ ಮಾಡಿ ತಂದ.

"ಇದರ ಸಪ್ಪಳಕ್ಕ ಮಾಳಮಡ್ಡಿ ಎಲ್ಲಾ ಎದ್ದು ಕೂಡ್ತದ," ಎಂದಳು ಗುಲ್ಜಾರಬಿ.

"ಎಣ್ಣಿ ಹಾಕಾಕ ಮುಂದಿನ ವಾರ ಬರ್ತೇನಲ್ರಿ."

"ಎಣ್ಣಿ ಇಲ್ಲೇ ಇಟ್ಟು ಹೋಗ್ರಿ. ನಾನೂ ಹಾಕ್ತೇನಿ."

"ತರೂದು ಮರತೆ," ಎಂದು ಅವನು ಗಾಡಿಯ ಗಾಲಿಯನ್ನೇ ನೋಡುತ್ತ ನಿಂತ. ಸೆರಗಿನ ಮರೆಯಲ್ಲಿ ಅವಳಿಗೆ ನಗು ಬಂತು. ಮುಂದಿನ ವಾರವೂ ಅವನು ಮರೆತೇ ಬಂದ.

ಆದರೆ ಓಣಿಗೆ ಕಣ್ಣಿದ್ದವು. ಒಂದು ಮಧ್ಯಾಹ್ನ ಕಮರುದ್ದೀನನ ಸೋದರತ್ತೆ ಮಾಶಾಬಿ ಬಂದು, ಕೊಟ್ಟ ನೀರನ್ನೂ ಮುಟ್ಟದೆ ನೇರವಾಗಿ ಕೇಳಿದಳು: "ಇಷ್ಟೆಲ್ಲಾ ಮಾಡಿದಾಂವನ ಜೋಡಿ ಮದುವಿಗೆ ಸುಮ್ನ ಕಬೂಲ ಅನ್ನು. ಒಲ್ಲೆ ಅಂದ್ರ ಈ ಹುಡುಗಿ ಸಾಲಿ ಎಲ್ಲಿ ಉಳೀತದ?"

ಕಮರುದ್ದೀನ ಬಂದಾಗ ಗುಲ್ಜಾರಬಿ ಬಾಗಿಲಲ್ಲೇ ತಡೆದಳು.

"ತಂಗಿ ಸಾಲಿಗೆ ಬದಲಿ ನನ್ನ ಕೇಳಾಕತ್ತೀರೇನು?"

ಅವನ ಮುಖ ಬಿಳಿಚಿತು. "ಅತ್ತಿ ಬಂದದ್ದು ನನಗ ಗೊತ್ತಿಲ್ರಿ. ಆದ್ರ ಆ ಆಸೆ ನನ್ನ ಮನಸ್ಸಿನ್ಯಾಗ ಇಲ್ಲ ಅಂದ್ರ ಸುಳ್ಳಾಕ್ಕತಿ."

ಅವನು ಇಲ್ಲ ಎಂದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಒಳಗಿನಿಂದ ಮದೀನಾಬಿಯ ಅಳುದನಿ ಕೇಳಿಸಿತು: "ಆಪಾ, ನನ್ನ ಸಲುವಾಗಿ ಹೂಂ ಅನಬ್ಯಾಡ. ನಾ ಊರಿಗೆ ಹೋಗ್ತೇನಿ."

ಈಗ ಹೂಂ ಎಂದರೆ ಅದು ಪ್ರೀತಿಯೋ, ತೀರಿಸಿದ ಋಣವೋ? ಗುಲ್ಜಾರಬಿಗೇ ತಿಳಿಯಲಿಲ್ಲ.

"ನಾ ಒಲ್ಲೆರಿ," ಎಂದಳು.

ಅವನು ತಲೆಬಾಗಿಸಿ ಹೊರಟ. ಮರುದಿನ ತಾರಾಬಾಯಿಯವರ ಮುಂದೆ ಅವಳನ್ನು ಕರೆಸಿ, ಮದೀನಾಬಿಯ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯವರೆಗಿನ ಖರ್ಚಿನ ಹಣವನ್ನೆಲ್ಲ ಅವರ ವಶಕ್ಕೆ ಕೊಟ್ಟ.

"ಇನ್ನ ಈ ಹುಡುಗಿ ಸಾಲಿ ನನ್ನ ಕೈಯಾಗಿಲ್ರಿ, ಬಾಯಾರ. ನಾ ಸಿಟ್ಟಾದ್ರೂ ನಿಲ್ಲೂದಿಲ್ಲ, ಸತ್ತರೂ ನಿಲ್ಲೂದಿಲ್ಲ." ಗುಲ್ಜಾರಬಿಯತ್ತ ನೋಡದೆಯೇ ಹೇಳಿದ: "ನೀವಿನ್ನ ಯಾರಿಗೂ ಅಂಜೂದು ಬ್ಯಾಡ."

ಆಮೇಲೆ ಅವನು ಬರಲಿಲ್ಲ.

ಗುಲ್ಜಾರಬಿ ಓಣಿಯವರ ಕುಪ್ಪಸ ಹೊಲಿಯತೊಡಗಿದಳು. ಅವಳ ಕೈಚಳಕ ಕಂಡು ತಾರಾಬಾಯಿ ಹುಡುಗಿಯರಿಗೆ ಹೊಲಿಗೆ ಕಲಿಸುವ ಕೆಲಸ ಕೊಟ್ಟರು. ಕೈ ತುಂಬ ಕೆಲಸ, ಎದೆ ಮಾತ್ರ ಬರಿದು. ಬಾಗಿಲ ಬಳಿ ಯಾರ ಹೆಜ್ಜೆ ಕೇಳಿದರೂ ಅವಳ ಸೂಜಿ ನಿಲ್ಲುತ್ತಿತ್ತು. ಮಳೆಗಾಲ ಹೋಯಿತು, ಚಳಿಗಾಲವೂ ಹೋಯಿತು. ಒಂದು ದಿನ ತಾರಾಬಾಯಿ, "ಕಮರುದ್ದೀನಗ ಹೆಣ್ಣು ನೋಡಾಕತ್ತಾರಂತ," ಎಂದರು. ಸೂಜಿ ಬೆರಳಿಗೆ ಚುಚ್ಚಿತು.

ಮರುದಿನ ಬೆಳಿಗ್ಗೆ ತಂಗಿಯನ್ನು ಅವರ ಬಳಿ ಬಿಟ್ಟು, ಅವಳು ಹುಬ್ಬಳ್ಳಿಯ ರೈಲು ಹತ್ತಿದಳು.

ಎರಡನೆಯ ಮಹಾಯುದ್ಧದ ದೆಸೆಯಿಂದ ತಗಡು ಸಿಗದೆ ಅಂಗಡಿ ಅರ್ಧ ಖಾಲಿಯಾಗಿತ್ತು. ಅವಳನ್ನು ಕಂಡು ಕಮರುದ್ದೀನನ ಸುತ್ತಿಗೆ ಗಾಳಿಯಲ್ಲೇ ನಿಂತಿತು. ಅವನು ಬಹಳ ಸೊರಗಿದ್ದ.

"ಮದೀನಾ ಆರಾಮ ಅದಾಳೇನ್ರಿ?"

"ಅದಾಳ. ಆಕಿ ಸುದ್ದಿ ಹೇಳಾಕ ಬಂದಿಲ್ಲ ನಾ." ಸೆರಗಿನ ತುದಿ ಅವಳ ಬೆರಳಲ್ಲಿ ಸುತ್ತಿಕೊಳ್ಳುತ್ತಿತ್ತು. "ನಿಮಗ ಹೆಣ್ಣು ಗೊತ್ತಾತೇನ್ರಿ?"

"ಅತ್ತಿ ಹುಡುಕ್ತಾಳ. ನಾ ಬ್ಯಾಡ ಅಂತೇನಿ."

"ಅವತ್ತ ಒಲ್ಲೆ ಅಂದೆ. ಅಂದ್ರೂ ತಂಗಿ ಸಾಲಿ ನಿಲ್ಲಲಿಲ್ಲ. ನಿಮ್ಮ ಮ್ಯಾಲೆ ಜೀವ ಐತೋ, ಬರೇ ಉಪಕಾರದ ನೆನಪೈತೋ ಅಂತ ಈ ವರ್ಷೆಲ್ಲಾ ನನ್ನ ನಾನ ಕೇಳಿಕೊಂಡೇನಿ." ಅವಳು ಸೆರಗಿನ ತುದಿ ಕೈಬಿಟ್ಟಳು. "ಈಗ ನೀವ ಒಮ್ಮೆ ಕೇಳ್ರಿ. ಅತ್ತಿ ಅಲ್ಲ, ನೀವು."

ಅವನು ಸುತ್ತಿಗೆ ಕೆಳಗಿಟ್ಟು ಎದ್ದು ನಿಂತ.

"ನನ್ನ ಜೋಡಿ ಬಾಳೇವು ಮಾಡ್ತೀರೇನು, ಗುಲ್ಜಾರ?"

ರೈಲಿನ ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡಿದ್ದ ಉತ್ತರಕ್ಕಿಂತ ಮೊದಲು ಅವಳಿಗೆ ಕಣ್ಣೀರು ಬಂತು.

"ಹೂಂ," ಎಂದಳು. ಆಮೇಲೆ, ಅವನಿಗೆ ಸ್ಪಷ್ಟವಾಗಿ ಕೇಳಿಸಲೆಂದು ಮುಖವೆತ್ತಿ ಹೇಳಿದಳು: "ಈ ಹೂಂ ಮದೀನಾನ ಸಲುವಾಗಿ ಅಲ್ರಿ. ನನ್ನ ಸಲುವಾಗಿ."